ಯಾರೂ ಇಲ್ಲದ ಚಳಿ ದಡ ಗೆಲ್ಲೋಕೆ 19 ದಿನ ಯಾಕೆ ಬೇಕಾಯ್ತು? ಹತ್ತನೇ ಕ್ಲಾಸಿನ ಹುಡುಗನ ಪ್ರಶ್ನೆ

ಕಲಬುರಗಿ_ಮಾಸ್ತರ್
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಎರಡನೇ ಮಹಾಯುದ್ಧದ ಪಾಠ ನಡೆದಿತ್ತು. ಜಪಾನ್ ಅಮೆರಿಕದ ನೆಲವನ್ನೂ ಹಿಡಿದಿತ್ತು ಅಂತ ಹೇಳಿ, ಗೋಡೆಯ ನಕ್ಷೆಯಲ್ಲಿ ಅಲಾಸ್ಕಾದ ಬಾಲದ ಹಾಗೆ ಹೋಗುವ ಅಲ್ಯೂಷಿಯನ್ ದ್ವೀಪಗಳನ್ನು ತೋರಿಸಿದೆ. ಆ ಬಾಲದ ತುದಿಯಲ್ಲಿ ಅಟ್ಟು ಅಂತ ಒಂದು ದ್ವೀಪ. 1942ರ ಜೂನ್‌ನಲ್ಲಿ ಜಪಾನಿನವರು ಅಟ್ಟು, ಕಿಸ್ಕಾ ಎರಡನ್ನೂ ಹಿಡಿದರು. ಅಟ್ಟು ವಾಪಸ್ ಪಡೆಯಲು ಅಮೆರಿಕ 1943ರ ಮೇ 11ಕ್ಕೆ ಸೈನ್ಯ ಇಳಿಸಿತು. ಮುಗಿಯುವಷ್ಟರಲ್ಲಿ ಮೇ 30 ಆಗಿತ್ತು.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸರ್, ಅಲ್ಲಿ ಮರ ಇಲ್ಲ, ಊರಿಲ್ಲ, ಜನ ಇಲ್ಲ. ಜಪಾನಿನವರು ಎರಡೂವರೆ ಸಾವಿರದ ಹತ್ರ. ಅಮೆರಿಕದ ಹತ್ರ ಹಡಗು, ವಿಮಾನ ಎಲ್ಲಾ ಇತ್ತು. ಅಷ್ಟು ದಿನ ಯಾಕೆ ಬೇಕಾಯ್ತು?" ಅಂದ.

"ಬಹಳ ಚಳಿ ಇತ್ತಪ್ಪಾ" ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ನಮ್ಮ ಮಕ್ಕಳು ಮೇ ತಿಂಗಳಲ್ಲಿ 43-44 ಡಿಗ್ರಿ ಕಂಡವರು. ಚಳಿ ಅಂದರೆ ಅವರಿಗೆ ಡಿಸೆಂಬರ್ ಬೆಳಿಗ್ಗೆ ಒಂದು ಸ್ವೆಟರ್. ಸಮುದ್ರ ನೋಡಿದವರು ಕ್ಲಾಸಿನಲ್ಲಿ ಮೂರೇ ಜನ. ಇವರಿಗೆ ಹೇಗೆ ತಿಳಿಸಿ ಹೇಳಲಿ? ತಿಳಿದವರು ಸಹಾಯ ಮಾಡಿ.

ಶಹಾಬಾದ್_ಕಲ್ಲು
ಊಟ, ಮದ್ದುಗುಂಡು ಮುಟ್ಟಿಸೋದೇ ಕಷ್ಟ ಸರ್. ಉಳಿದದ್ದೆಲ್ಲಾ ಆಮೇಲೆ.

ಯಾದಗಿರಿ_ನಕ್ಷೆ
ಮಾಸ್ತರೇ, ಹುಡುಗ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾನೆ. ಅಮೆರಿಕದ ಅಧಿಕಾರಿಗಳೂ ಅವನ ಹಾಗೇ ಯೋಚಿಸಿದ್ದರು. ಮೂರು ದಿನದಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ್ದರು.

ಕಳಿಸಿದ್ದು ಯಾರನ್ನು ಗೊತ್ತಾ? 7ನೇ ಪದಾತಿ ಡಿವಿಜನ್. ಅವರು ತಯಾರಿ ಮಾಡಿದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಉತ್ತರ ಆಫ್ರಿಕಾದ ಯುದ್ಧಕ್ಕೆ ಅಂತ. ಕೊನೆಗೆ ಹೋಗಿದ್ದು ಅಲಾಸ್ಕಾಕ್ಕೆ. ಕಾಲಿಗೆ ಚರ್ಮದ ಬೂಟು. ಆ ಬೂಟು ಒಂದು ಸಲ ನೀರು ಕುಡಿದರೆ ಅಲ್ಲಿ ಒಣಗುವುದೇ ಇಲ್ಲ.

ಕೊನೆಯ ಲೆಕ್ಕ ಹೀಗಿದೆ. ಅಮೆರಿಕದ ಕಡೆ ಸತ್ತವರು 549. ಗಾಯಗೊಂಡವರು 1148. ಚಳಿ, ಒದ್ದೆಯಿಂದ ಕಾಲು ಕೆಟ್ಟವರು ಸುಮಾರು 1200. ಅಂದರೆ ಗಾಯಗೊಂಡವರಷ್ಟೇ ಜನ ಒದ್ದೆ ಕಾಲುಚೀಲದಿಂದಲೂ ಮಲಗಿದರು. ಈ ಒಂದು ಅಂಕಿ ಬೋರ್ಡ್ ಮೇಲೆ ಬರೆಯಿರಿ ಸರ್.

ಅಲ್ಲಿನ ಜಪಾನಿ ಕರ್ನಲ್ ಯಾಮಾಸಾಕಿ ದಡದಲ್ಲಿ ಕಾದು ಕೂರಲೂ ಇಲ್ಲ. ತನ್ನವರನ್ನು ಬೆಟ್ಟದ ಮೇಲೆ ಮಂಜಿನ ಅಂಚಿಗೆ ಏರಿಸಿದ. ಕೆಳಗಿನಿಂದ ಹತ್ತುವವನಿಗೆ ಮೇಲೆ ಬರೀ ಬಿಳಿ. ಮೇಲಿದ್ದವನಿಗೆ ಕಣಿವೆಯಲ್ಲಿ ನಡೆಯುವವರೆಲ್ಲಾ ಕಾಣುತ್ತಾರೆ.

ಎರೆಹೊಲ_ಜೇವರ್ಗಿ
ಸರ್, ನಾನು ರೈತ. ಯುದ್ಧ ಓದಿದ್ದು ಕಡಿಮೆ. ಆದರೆ ಮೊನ್ನೆ ನನ್ನ ಹೊಲದಲ್ಲಿ ಆಗಿದ್ದು ಹೇಳುತ್ತೇನೆ, ಮಕ್ಕಳಿಗೆ ಉಪಯೋಗ ಆಗಬಹುದು.

ತೊಗರಿ ಬಿತ್ತಬೇಕು ಅಂತ ಗೊಬ್ಬರ ತುಂಬಿಕೊಂಡು ಹೊರಟೆ. ರಾತ್ರಿ ಮಳೆ ಆಗಿತ್ತು. ಮೇಲೆ ನೋಡಿದರೆ ನೆಲ ಆರಿದಂತೆ ಇತ್ತು. ಎರೆಭೂಮಿ ನಿಮಗೆ ಗೊತ್ತಲ್ವಾ. ಹತ್ತು ಮಾರು ಹೋಗುವಷ್ಟರಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹೂತಿತು. ಕೀಲಿ ತಿರುಗಿಸಿ ಜೋರು ಕೊಟ್ಟಷ್ಟೂ ಇನ್ನೂ ಇಳಿಯಿತು. ಟ್ರಾಲಿ ಬಿಚ್ಚಿ, ಚೀಲ ಒಂದೊಂದೇ ಹೆಗಲ ಮೇಲೆ ಹೊತ್ತೆವು. ಚಪ್ಪಲಿ ಕೆಸರಲ್ಲೇ ಉಳಿಯಿತು. ಬರಿಗಾಲಿಗೆ ಎರೆಮಣ್ಣು ಎರಡೆರಡು ಕೆ.ಜಿ ಮೆತ್ತಿಕೊಂಡಿತು. ಇನ್ನೂರು ಹೆಜ್ಜೆ ಜಾಗಕ್ಕೆ ಅರ್ಧ ದಿನ ಹೋಯಿತು. ಅಲ್ಲಿ ನಮ್ಮ ಮೇಲೆ ಗುಂಡು ಹಾರಿಸುವವರು ಯಾರೂ ಇರಲಿಲ್ಲ.

ಜುಲೈನಲ್ಲಿ ನಿಮ್ಮ ಮಕ್ಕಳನ್ನು ಒಂದು ಎರೆ ಹೊಲಕ್ಕೆ ಕರೆದುಕೊಂಡು ಹೋಗಿ. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಯಾದಗಿರಿ_ನಕ್ಷೆ
ಎರೆಹೊಲ ಅಣ್ಣಾ, ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಒಂದೇ ಒಂದು ವ್ಯತ್ಯಾಸ. ನಮ್ಮ ಎರೆ ಮಣ್ಣು ಎರಡು ಬಿಸಿಲು ಬಿದ್ದರೆ ಆರುತ್ತದೆ. ಅಟ್ಟುವಿನಲ್ಲಿ ಮೇಲೆ ದಪ್ಪ ಹುಲ್ಲು, ಪಾಚಿಯ ಹಾಸು. ಅದರ ಕೆಳಗೆ ವರ್ಷವಿಡೀ ನೀರು ಕುಡಿದ ಕಪ್ಪು ಕೆಸರು. ಮೊದಲ ಗಾಡಿ ಹೇಗೋ ಹೋಗುತ್ತದೆ. ಅಷ್ಟರಲ್ಲಿ ಹಾಸು ಹರಿದಿರುತ್ತದೆ. ಎರಡನೇದು ಸಿಕ್ಕಿಬೀಳುತ್ತದೆ. ಟ್ರ್ಯಾಕ್ಟರುಗಳೂ ಹೂತು, ಕೊನೆಗೆ ಸೈನಿಕರೇ ಸಾಲಾಗಿ ನಿಂತು ಕೈಯಿಂದ ಕೈಗೆ ಪೆಟ್ಟಿಗೆ ದಾಟಿಸಿದರು. ಗುಂಡು ಹಾರಿಸಬೇಕಾದವರು ಹಮಾಲಿ ಮಾಡುತ್ತಾ ನಿಂತರು.

ಗಂಜ್_ಟ್ರಾನ್ಸ್‌ಪೋರ್ಟ್
ಹಮಾಲಿ ಮಾತು ಬಂತು, ನಾನೂ ಸೇರುತ್ತೇನೆ. ಕಲಬುರಗಿ ಗಂಜಿನಲ್ಲಿ ನಮ್ಮ ಲಾರಿ ಕೆಲಸ. ತೊಗರಿ, ಬೇಳೆ ಸಾಗಿಸುತ್ತೇವೆ.

ನಮ್ಮಲ್ಲಿ ಹೊಸ ಹುಡುಗನಿಗೆ ಮೊದಲು ಕಲಿಸುವುದು ಇದೇ. ಕೊನೆಗೆ ಇಳಿಸುವ ಮಾಲು ಮೊದಲು ತುಂಬಬೇಕು. ಮೊದಲು ಇಳಿಸುವುದು ಬಾಗಿಲ ಹತ್ತಿರ ಬರಬೇಕು. ಇದು ತಪ್ಪಿದರೆ ಹುಮನಾಬಾದಿನಲ್ಲಿ 20 ಚೀಲ ಇಳಿಸಲು ಪೂರ್ತಿ ಲಾರಿ ಖಾಲಿ ಮಾಡಬೇಕಾಗುತ್ತದೆ. ಮಳೆ ಬಂದರೆ ತಾಡಪತ್ರಿ ಹಿಡಿದು ನಿಲ್ಲಬೇಕು.

1982ರ ಫಾಕ್‌ಲ್ಯಾಂಡ್ ಯುದ್ಧದ ಬಗ್ಗೆ ಓದುವಾಗ ನನಗೆ ಇದೇ ಕಣ್ಣಿಗೆ ಬಿತ್ತು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟಿಷರ ಕೈಯಲ್ಲಿದ್ದ ಆ ದ್ವೀಪವನ್ನು ಏಪ್ರಿಲ್ 2ಕ್ಕೆ ಅರ್ಜೆಂಟೀನಾ ಹಿಡಿಯಿತು. ಬ್ರಿಟಿಷರು ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲಾ ಹಡಗಿಗೆ ತುಂಬಿ ಹೊರಟರು. ದಾರಿ ಸುಮಾರು 13,000 ಕಿ.ಮೀ. ಯಾವ ಹಡಗಿನಲ್ಲಿ ಏನು, ಎಷ್ಟು ಕೆಳಗಿದೆ ಅನ್ನೋದೇ ಕಲಸಿಹೋಗಿತ್ತು. ಅರ್ಧ ದಾರಿಯ ಅಸೆನ್ಷನ್ ದ್ವೀಪದಲ್ಲಿ ನಿಂತು, ಮತ್ತೆ ಎತ್ತಿ, ಮತ್ತೆ ಜೋಡಿಸಿದರು. ಅದು ಬೆಚ್ಚಗಿನ ಜಾಗ, ಹಾಗಾಗಿ ಆಯಿತು. ಇದೇ ಕೆಲಸ ದಕ್ಷಿಣದ ಅಲೆಗಳಲ್ಲಿ ಮಾಡಲು ಹೋಗಿದ್ದರೆ ಏನು ಗತಿ?

ಚಳಿ ಪ್ರದೇಶದ ದಾಳಿ ಅಂದರೆ ಎಲ್ಲರೂ ಹಿಮ, ಹಿಮ ಅಂತಾರೆ. ನನ್ನ ಪ್ರಕಾರ ಮೊದಲ ಪ್ರಶ್ನೆ, ಮಾಲು ಇಳಿಸಲು ಅಲ್ಲಿ ಹಡಗುಕಟ್ಟೆ ಇದೆಯಾ? ಕ್ರೇನ್ ಇದೆಯಾ? ಇಳಿಸಿದ ಮಾಲು ಮುಂದೆ ಹೋಗಲು ರಸ್ತೆ ಇದೆಯಾ? ಮೂರಕ್ಕೂ ಇಲ್ಲ ಅಂದರೆ ಎಷ್ಟು ಸಾವಿರ ಸೈನಿಕರಿದ್ದರೂ ದಡದಲ್ಲೇ ಕೂರಬೇಕು.

ಸೇಡಂ_ಹುಡುಗ
ಎಲ್ಲರೂ ಕಷ್ಟ ಕಷ್ಟ ಅಂತಿದ್ದೀರಿ. ನಾನು ಒಪ್ಪಲ್ಲ. 1940ರ ಮೇ 10ರಂದು ಬ್ರಿಟಿಷರು ಐಸ್‌ಲ್ಯಾಂಡ್‌ಗೆ ಇಳಿದರು. ಬಂದಿದ್ದು 746 ಮರೀನ್‌ಗಳು. ಒಂದು ಗುಂಡೂ ಹಾರಲಿಲ್ಲ. ಜಪಾನ್ ಕೂಡ ಅಟ್ಟು, ಕಿಸ್ಕಾ ಸುಲಭವಾಗಿ ಹಿಡಿಯಿತು. ಅರ್ಜೆಂಟೀನಾ ಫಾಕ್‌ಲ್ಯಾಂಡನ್ನು ಒಂದೇ ದಿನದಲ್ಲಿ ಹಿಡಿಯಿತು. ದೂರದ ಚಳಿ ದಡ ಹಿಡಿಯೋದು ಸುಲಭಾನೇ. ಕಾಯೋರೇ ಇರಲ್ಲವಲ್ಲ.

ಗಂಜ್_ಟ್ರಾನ್ಸ್‌ಪೋರ್ಟ್
ತಮ್ಮಾ, ಹಿಡಿದ ಮೇಲೆ ಏನಾಯ್ತು ಅದನ್ನೂ ಹೇಳು. ಐಸ್‌ಲ್ಯಾಂಡ್‌ಗೆ ಸ್ವಂತ ಸೈನ್ಯವೇ ಇರಲಿಲ್ಲ, ಪ್ರತಿಭಟನೆಯ ಪತ್ರ ಕೊಟ್ಟು ಸುಮ್ಮನಾದರು. ಜಪಾನಿನವರು ಒಂದು ವರ್ಷ ಆ ಕಲ್ಲು ದ್ವೀಪಗಳಿಗೆ ಅಕ್ಕಿ ಮುಟ್ಟಿಸಲು ಒದ್ದಾಡಿದರು. ಹಡಗು ಕಳಿಸಿದರೆ ಅಮೆರಿಕದವರು ತಡೆಯುತ್ತಿದ್ದರು. ಅರ್ಜೆಂಟೀನಾ 74 ದಿನಕ್ಕೆ ಶರಣಾಯಿತು. ಮನೆ ಬೀಗ ಒಡೆದು ಒಳಗೆ ಹೋಗೋದು ಬೇರೆ, ಅಲ್ಲಿ ಸಂಸಾರ ಮಾಡೋದು ಬೇರೆ.

ಸೇಡಂ_ಹುಡುಗ
ಅರ್ಜೆಂಟೀನಾ ಪಕ್ಕದಲ್ಲೇ ಇತ್ತಲ್ವಾ ಅಣ್ಣಾ. ಬ್ರಿಟನ್ 13,000 ಕಿ.ಮೀ ದೂರ. ಹಾಗಿದ್ದರೆ ಅವರು ಹೇಗೆ ಸೋತರು?

ಬೀದರ್_ವಿಮಾನ
ಪಕ್ಕ ಅಂದರೂ ಸಮುದ್ರದ ಮೇಲೆ ನೂರಾರು ಕಿ.ಮೀ. ನಮ್ಮ ಬೀದರಿನ ಏರ್‌ಫೋರ್ಸ್ ಸ್ಟೇಷನ್ನಿನಿಂದ ದಿನಾ ಹಾಕ್ ವಿಮಾನ ಹಾರೋದು ನೋಡುತ್ತಾ ಬೆಳೆದವನು ನಾನು. ಜೆಟ್‌ಗೆ ಮೊದಲು ಬೇಕಾದದ್ದು ಉದ್ದನೆಯ ರನ್‌ವೇ. ಫಾಕ್‌ಲ್ಯಾಂಡ್‌ನ ಸ್ಟ್ಯಾನ್ಲಿ ಊರಿನ ರನ್‌ವೇ ವೇಗದ ಯುದ್ಧವಿಮಾನಗಳಿಗೆ ಸಾಕಾಗುವಷ್ಟು ಇರಲಿಲ್ಲ. ಅರ್ಜೆಂಟೀನಾ ಅದನ್ನು ಬೇಗ ಉದ್ದ ಮಾಡಲೂ ಇಲ್ಲ. ಹಾಗಾಗಿ ಅವರ ಮಿರಾಜ್‌ಗಳು ತಾಯ್ನಾಡಿನಿಂದಲೇ ಹಾರಿ ಬರಬೇಕು. ದ್ವೀಪದ ಮೇಲೆ ಕೆಲವೇ ನಿಮಿಷ ಇರಬಹುದು. ಅಷ್ಟರಲ್ಲಿ ಎಣ್ಣೆ ಮುಗಿಯುತ್ತಾ ಬರುತ್ತದೆ.

ಬ್ರಿಟಿಷರ ಕಷ್ಟ ಇನ್ನೂ ದೊಡ್ಡದು. ಮೇ 1ಕ್ಕೆ ಅಸೆನ್ಷನ್‌ನಿಂದ ಒಂದು ವಲ್ಕನ್ ಬಾಂಬರ್ ಸ್ಟ್ಯಾನ್ಲಿಗೆ ಹೋಗಿ ಬಂತು. ಆ ಒಂದು ವಿಮಾನಕ್ಕೆ ದಾರಿಯಲ್ಲಿ ಎಣ್ಣೆ ಕೊಡಲು 11 ವಿಕ್ಟರ್ ಟ್ಯಾಂಕರ್ ವಿಮಾನಗಳು ಹಾರಿದವು. ಟ್ಯಾಂಕರಿಗೂ ಟ್ಯಾಂಕರೇ ಎಣ್ಣೆ ಕೊಡಬೇಕಿತ್ತು. 21 ಬಾಂಬ್ ಹಾಕಿ ಬಂದರು. ರನ್‌ವೇಗೆ ಬಿದ್ದಿದ್ದು ಒಂದು.

ಬೀದರ್_ಫೌಜಿ
ನಾನು ನಿವೃತ್ತ ಹವಾಲ್ದಾರ್. ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಮಾಸ್ತರೇ, ಕಾಲಿನ ಬಗ್ಗೆ ಹೇಳುತ್ತೇನೆ. ಇದು ಮಕ್ಕಳಿಗೆ ತಿಳಿಯಬೇಕು.

ಒಣ ಚಳಿ ಮೈನಸ್ 20 ಆದರೂ ತಡೆದುಕೊಳ್ಳಬಹುದು. ಬಟ್ಟೆ ಒಣಗಿದ್ದರೆ ಸಾಕು. ಅಟ್ಟು, ಫಾಕ್‌ಲ್ಯಾಂಡ್‌ನಂಥ ಕಡೆ ಚಳಿ ಅಷ್ಟೇನಿಲ್ಲ. ಸೊನ್ನೆಯ ಆಚೆ ಈಚೆ. ಆದರೆ ದಿನವಿಡೀ ಒದ್ದೆ. ಹಿಮ ಕರಗಿದ ನೀರು, ತುಂತುರು, ಗಾಳಿ. ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲಾ ಎಳೆದುಕೊಳ್ಳುತ್ತದೆ.

ಒಂದು ಸಲ ಗಸ್ತಿನಲ್ಲಿ ಹಳ್ಳ ದಾಟುವಾಗ ನನ್ನ ಎಡಗಾಲು ಮೊಣಕಾಲವರೆಗೆ ನೀರಿಗೆ ಇಳಿಯಿತು. ನಿಲ್ಲುವ ಹಾಗಿರಲಿಲ್ಲ. ಆರು ತಾಸು ಅದೇ ಬೂಟಿನಲ್ಲಿ ನಡೆದೆ. ಮೊದಲು ಉರಿ. ಆಮೇಲೆ ಜುಮುಜುಮು. ಆಮೇಲೆ ಏನೂ ಇಲ್ಲ. ಏನೂ ಇಲ್ಲ ಅನ್ನಿಸಿದಾಗಲೇ ಹೆದರಬೇಕು. ಬೂಟು ಬಿಚ್ಚಿದಾಗ ಪಾದ ಬೆಳ್ಳಗೆ, ಬಹಳ ಹೊತ್ತು ಬಟ್ಟೆ ಒಗೆದ ಕೈಯ ಹಾಗೆ ಸುಕ್ಕಾಗಿತ್ತು. ಬೆರಳು ಹಿಡಿದು ಹಿಂಡಿದರೆ ಬೇರೆ ಯಾರದೋ ಬೆರಳು ಹಿಡಿದ ಹಾಗೆ. ನಮ್ಮ ಸುಬೇದಾರ್ ಸಾಹೇಬರು ತಮ್ಮ ಬನಿಯನ್ ಒಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡಿದ್ದ ಒಣ ಕಾಲುಚೀಲ ತೆಗೆದು ಕೊಟ್ಟರು. ಅವತ್ತಿನಿಂದ ನಾನೂ ಒಂದು ಜೊತೆ ಹೊಟ್ಟೆಗೇ ಇಟ್ಟುಕೊಳ್ಳುತ್ತಿದ್ದೆ. ನನಗೆ ಆರು ತಾಸು. ಅಟ್ಟುವಿನ ಹುಡುಗರು ದಿನಗಟ್ಟಲೆ ಹಾಗೇ ಗುಂಡಿಯಲ್ಲಿ ಕೂತಿದ್ದರು.

ಕ್ಲಾಸಿನಲ್ಲಿ ಹೀಗೆ ಮಾಡಿ. ಒಂದು ಬಕೆಟ್ ನೀರಿಗೆ ಐಸ್ ಹಾಕಿ. ಒಂದೇ ನಿಮಿಷ ಕೈ ಮುಳುಗಿಸಿ ತೆಗೆದು, ತಕ್ಷಣ ಷೂ ಲೇಸ್ ಕಟ್ಟಲು ಹೇಳಿ. ಜಾಸ್ತಿ ಹೊತ್ತು ಬೇಡ, ಮಕ್ಕಳು.

ಸೇಡಂ_ಹುಡುಗ
ಫೌಜಿ ಕಾಕಾ, ಹಾಗಾದರೆ ಚಳಿ ದೇಶದ ಸೈನಿಕರನ್ನೇ ಕಳಿಸಿದರೆ ಆಯ್ತಲ್ವಾ? ಫಾಕ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾ ಕಡೆ ಕೊರಿಯೆಂಟೆಸ್‌ನಂಥ ಬಿಸಿ ಪ್ರಾಂತ್ಯದ ಹುಡುಗರೂ ಇದ್ದರು. ನಮ್ಮ ಕಲಬುರಗಿ ಹುಡುಗರನ್ನು ಏಕಾಏಕಿ ಕಳಿಸಿದ ಹಾಗೆ.

ಬೀದರ್_ಫೌಜಿ
ಆ ಹುಡುಗರ ಬಗ್ಗೆ ಓದಿದಾಗ ನನಗೂ ಹೊಟ್ಟೆ ಉರಿಯಿತು. ಕಡ್ಡಾಯ ಸೇವೆಗೆ ಬಂದ ಎಳೆಯ ಹುಡುಗರು. ಆದರೆ ಚಳಿ ರೂಢಿ ಇದ್ದರೆ ಸಾಕು ಅನ್ನೋದು ಅರ್ಧ ಮಾತ್ರ ನಿಜ ಮಗಾ. ಎದುರಿನ ಬ್ರಿಟಿಷ್ ಮರೀನ್‌ಗಳು ವರ್ಷಾ ವರ್ಷಾ ನಾರ್ವೆಗೆ ಹೋಗಿ ಹಿಮದಲ್ಲಿ ತಯಾರಿ ಮಾಡುತ್ತಿದ್ದವರು. ಅವರಿಗೂ ಟ್ರೆಂಚ್ ಫುಟ್, ಅಂದರೆ ಒದ್ದೆಯಿಂದ ಪಾದ ಕೆಡೋದು, ಆಯಿತು. ಬೂಟಿಗೆ ನೀರು ಇಳಿಯುತ್ತಿತ್ತು. ತಯಾರಿ ಇದ್ದವನು ನೋವು ತಿಂದು ಮುಂದೆ ಹೋಗುತ್ತಾನೆ. ಪಾದ ಮಾತ್ರ ಎಲ್ಲರದೂ ಒಂದೇ.

ಗಂಜ್_ಟ್ರಾನ್ಸ್‌ಪೋರ್ಟ್
ಅವರು ನಡೆಯಬೇಕಾಗಿ ಬಂದದ್ದು ಯಾಕೆ ಅಂತಲೂ ಹೇಳಬೇಕು. ಅಟ್ಲಾಂಟಿಕ್ ಕನ್ವೇಯರ್ ಅಂತ ಒಂದು ಸರಕು ಹಡಗು. ಮೇ 25ಕ್ಕೆ ಎಕ್ಸೋಸೆಟ್ ಕ್ಷಿಪಣಿ ಬಡಿಯಿತು. ಅದರಲ್ಲಿ ಮೂರು ಚಿನೂಕ್ ಹೆಲಿಕಾಪ್ಟರ್ ಸುಟ್ಟುಹೋದವು. ಸಾವಿರಾರು ಜನರ ಡೇರೆಗಳೂ ಹೋದವು. ಆಗಷ್ಟೇ ಹಾರಿದ್ದ ಒಂದು ಚಿನೂಕ್ ಮಾತ್ರ ಉಳಿಯಿತು. ಹಾಗಾಗಿ ಸೈನಿಕರು ಬೆನ್ನ ಮೇಲೆ ಹೊರೆ ಹೊತ್ತು, ಜೌಗು ನೆಲದಲ್ಲಿ ಸುಮಾರು 90 ಕಿ.ಮೀ ನಡೆದರು. ಕಲಬುರಗಿಯಿಂದ ಹುಮನಾಬಾದ್ ದಾಟಿದ ಹಾಗೆ. ಒಂದೇ ಹಡಗಿಗೆ ಬೇಕಾದ ಮಾಲೆಲ್ಲಾ ತುಂಬಬೇಡಿ ಅಂತ ನಮ್ಮ ಅಪ್ಪ ಲಾರಿ ವಿಷಯದಲ್ಲಿ ಹೇಳುತ್ತಿದ್ದರು.

ಬಿದ್ರಿ_ಕುಸುರಿ
ನೀವೆಲ್ಲಾ ದೂರ ದೂರ ಹೋಗುತ್ತಿದ್ದೀರಿ. ನಮ್ಮ ಬೀದರಿನಲ್ಲೇ ಇದಕ್ಕೆ ಉದಾಹರಣೆ ಇದೆ. ಚಳಿ ಇಲ್ಲ, ಆದರೆ ದೂರದ ದಡ, ಗೊತ್ತಿಲ್ಲದ ಹವಾಮಾನ ಎರಡೂ ಇವೆ.

ಬಹಮನಿ ಸೈನ್ಯ ಬಯಲು ನಾಡಿನದು. ಕುದುರೆ ಓಡಿಸಿ ಗೆಲ್ಲುವವರು. ಹದಿನೈದನೇ ಶತಮಾನದ ನಡುಭಾಗದಲ್ಲಿ ಖಲಫ್ ಹಸನ್ ಅನ್ನುವ ದೊಡ್ಡ ಸರದಾರ ಕೊಂಕಣಕ್ಕೆ ನುಗ್ಗಿದ. ಸ್ಥಳೀಯ ಮುಖಂಡ ಶಿರ್ಕೆ ದಾರಿ ತೋರಿಸುತ್ತೇನೆ ಅಂತ ದಟ್ಟ ಕಾಡಿನೊಳಗೆ ಕರೆದೊಯ್ದ. ಅಲ್ಲೇ ಸೈನ್ಯ ನಾಶವಾಯಿತು. ಆಮೇಲೆ ಮಹಮೂದ್ ಗಾವಾನ್ ಹೊರಟ. ಅವನು ಆತುರ ಮಾಡಲಿಲ್ಲ. ಮಳೆಗಾಲ ಬಂದಾಗ ಘಟ್ಟದಿಂದ ಹಿಂದೆ ಸರಿದು ಕೊಲ್ಹಾಪುರದಲ್ಲಿ ಉಳಿದ. ಮಳೆ ನಿಂತ ಮೇಲೆ ಮತ್ತೆ ಇಳಿದ. ಮೂರು ವರ್ಷ ಹಿಡಿಯಿತು. 1472ರಲ್ಲಿ ಗೋವಾ ಕೈಗೆ ಬಂತು. ಗಾವಾನ್ ಸ್ವತಃ ಕ್ಯಾಸ್ಪಿಯನ್ ದಡದ ಗೀಲಾನ್‌ನವನು. ಅದು ಮಳೆ ಜಾಸ್ತಿ ಇರುವ ನಾಡು. ಮಳೆಯ ಜೊತೆ ಜಗಳ ಆಡಬಾರದು ಅಂತ ಅವನಿಗೆ ಹುಟ್ಟಿನಿಂದ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅವನ ಮದರಸಾ ಮುಂದೆ ನಿಂತಾಗಲೆಲ್ಲಾ ಇದು ನೆನಪಾಗುತ್ತದೆ.

ಶಹಾಬಾದ್_ಕಲ್ಲು
ವಿಷಯ ಚಳಿ ದಡ. ಕೊಂಕಣ ಅಲ್ಲ.

ಬಿದ್ರಿ_ಕುಸುರಿ
ವಿಷಯ ಮಕ್ಕಳಿಗೆ ತಿಳಿಸೋದು. ಬೀದರ್ ಕೋಟೆ ನೋಡಿದ ಮಗುವಿಗೆ ಗಾವಾನ್ ಬೇಗ ಹತ್ತಿರ ಆಗುತ್ತಾನೆ, ಅಟ್ಟು ಆಮೇಲೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ?

ಯಾದಗಿರಿ_ನಕ್ಷೆ
ಇಬ್ಬರೂ ಜಗಳ ಬಿಡಿ. ಕಿಸ್ಕಾ ಕಥೆ ಇನ್ನೂ ಯಾರೂ ಹೇಳಿಲ್ಲ. ಅಟ್ಟು ಹೋದ ಮೇಲೆ ಕಿಸ್ಕಾದ ಜಪಾನಿಗಳು ಒಂಟಿಯಾದರು. 1943ರ ಜುಲೈ 28ಕ್ಕೆ ದಟ್ಟ ಮಂಜು ಬಂತು. ಜಪಾನಿನ ಹಡಗುಗಳು ಮಂಜಿನೊಳಗೆ ನುಸುಳಿ, ಒಂದು ತಾಸಿನ ಒಳಗೆ 5183 ಜನರನ್ನು ಹತ್ತಿಸಿಕೊಂಡು ಹೋದವು. ಅಮೆರಿಕದವರಿಗೆ ಸುಳಿವೇ ಇಲ್ಲ. ಎರಡು ವಾರಕ್ಕೂ ಜಾಸ್ತಿ ದಿನ ಖಾಲಿ ದ್ವೀಪದ ಮೇಲೆ ಬಾಂಬ್ ಹಾಕಿದರು. ಆಗಸ್ಟ್ 15ಕ್ಕೆ ಅಮೆರಿಕ, ಕೆನಡಾದ 34,000ಕ್ಕೂ ಹೆಚ್ಚು ಸೈನಿಕರು ಇಳಿದರು. ಸಿಕ್ಕಿದ್ದು ಕೆಲವು ನಾಯಿಗಳು.

ಆದರೂ ಸತ್ತವರು, ಗಾಯಗೊಂಡವರು ಸೇರಿ 300ಕ್ಕೂ ಜಾಸ್ತಿ. ಮಂಜಿನಲ್ಲಿ ತಮ್ಮವರನ್ನೇ ಶತ್ರು ಅಂದುಕೊಂಡು ಗುಂಡು ಹಾರಿಸಿದರು. ಅಬ್ನರ್ ರೀಡ್ ಅನ್ನುವ ಹಡಗಿಗೆ ನೀರಿನಲ್ಲಿಟ್ಟ ಮೈನ್ ಬಡಿದು ಸುಮಾರು 70 ಜನ ಹೋದರು. ಎದುರಿಗೆ ಒಬ್ಬ ಶತ್ರುವೂ ಇಲ್ಲದೆ ಇಷ್ಟು. ಆ ಹುಡುಗನಿಗೆ ಇದನ್ನು ಖಂಡಿತ ಹೇಳಿ ಸರ್.

ಸುರಪುರ_ಕೋಟೆ
ಖಾಲಿ ಕೋಟೆ ಅಂದ ಕೂಡಲೇ ನಮ್ಮ ವಾಗಿನಗೇರಾ ನೆನಪಾಯಿತು. 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಬಡಿದಾಡಿದ. ಕೊನೆಗೆ ಒಳಗೆ ಹೋಗಿ ನೋಡಿದರೆ ಪಿಡ್ಡನಾಯಕ ರಾತ್ರಿಯಲ್ಲೇ ತನ್ನವರ ಜೊತೆ ಜಾರಿಕೊಂಡಿದ್ದ. ಸಣ್ಣ ನಾಡು, ಗುಡ್ಡ, ಕಲ್ಲು, ಆದರೆ ನೆಲ ಬಲ್ಲವರು. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಇದನ್ನೂ ಕ್ಲಾಸಿನಲ್ಲಿ ಹೇಳಿ ಮಾಸ್ತರೇ, ನಮ್ಮ ಮಕ್ಕಳಿಗೇ ಗೊತ್ತಿಲ್ಲ.

ವಾಡಿ_ಜಂಕ್ಷನ್
ರೈಲ್ವೆಯವನಾಗಿ ಒಂದು ಮಾತು. ರಷ್ಯಾದ ಮುರ್ಮನ್‌ಸ್ಕ್ ಬಂದರು ಉತ್ತರ ಧ್ರುವ ವೃತ್ತದ ಒಳಗಿದೆ. ಆದರೂ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. 1941ರ ಜೂನ್ 29ಕ್ಕೆ ಜರ್ಮನಿಯ ಜನರಲ್ ಡೀಟ್ಲ್ ತನ್ನ ಬೆಟ್ಟದ ಪಡೆ ಜೊತೆ ಅದರ ಮೇಲೆ ಹೊರಟ. ಅವರ ನಕ್ಷೆಯಲ್ಲಿ ರಸ್ತೆಗಳಿದ್ದವು. ನೆಲದ ಮೇಲೆ ಇರಲಿಲ್ಲ. ಟೆಲಿಗ್ರಾಫ್ ತಂತಿಯ ಸಾಲು, ಹಿಮಸಾರಂಗ ಮೇಯಿಸುವವರ ಕಾಲುದಾರಿ, ಇವನ್ನೇ ರಸ್ತೆ ಅಂತ ಓದಿಕೊಂಡಿದ್ದರು. ಲಿತ್ಸಾ ನದಿಯ ಹತ್ತಿರ ನಿಂತವರು 1944ರ ಅಕ್ಟೋಬರ್ ತನಕ ಮುಂದೆ ಹೋಗಲೇ ಇಲ್ಲ.

ಕಾಯುವವರ ಬೆನ್ನಿಗೆ ಮಾತ್ರ ರೈಲು ಮಾರ್ಗ ಇತ್ತು. ಒಂದು ಗೂಡ್ಸ್ ರೈಲು ತರುವ ಮಾಲಿಗೆ ಎಷ್ಟು ಹೇಸರಗತ್ತೆ ಬೇಕು, ಲೆಕ್ಕ ಹಾಕಿ ನೋಡಿ. ವಾಡಿಯಲ್ಲಿ ಸಿಮೆಂಟ್ ರೇಕ್ ಹೋಗೋದು ನೋಡಿದ ಮಕ್ಕಳಿಗೆ ಇದು ತಕ್ಷಣ ತಿಳಿಯುತ್ತದೆ.

ಬಿದ್ರಿ_ಕುಸುರಿ
ಮಾಸ್ತರೇ, ಮೇಲಿನ ಒಂದು ಮಾತು ನನಗೆ ಆಗಿನಿಂದ ಚುಚ್ಚುತ್ತಿದೆ. "ಊರಿಲ್ಲ, ಜನ ಇಲ್ಲ" ಅಂತ ಹುಡುಗ ಹೇಳಿದ. ನೀವೂ ಒಪ್ಪಿಕೊಂಡಿರಿ. ಅದು ತಪ್ಪು. ಅಟ್ಟುವಿನಲ್ಲಿ ಊರಿತ್ತು. ಚಿಚಗಾಫ್ ಬಂದರಿನ ಹತ್ತಿರ ಈ ದ್ವೀಪಗಳ ಮೂಲನಿವಾಸಿಗಳಾದ ಅಲ್ಯೂಟ್ ಜನ ಸುಮಾರು 40 ಇದ್ದರು. ಒಂದು ಶಾಲೆಯೂ ಇತ್ತು. ಟೀಚರ್ ಹೆಸರು ಎಟ್ಟಾ ಜೋನ್ಸ್. ಜಪಾನಿನವರು ಬಂದಾಗ ಅವರ ಗಂಡ ತೀರಿಹೋದರು. ಟೀಚರನ್ನು ಜಪಾನಿಗೆ ಸೆರೆ ಒಯ್ದರು. ಊರಿನವರನ್ನು ಹೊಕ್ಕೈಡೋದ ಒತಾರುಗೆ ಒಯ್ದರು. ಹಸಿವು, ಕ್ಷಯರೋಗದಿಂದ ಸುಮಾರು ಅರ್ಧ ಜನ ಅಲ್ಲೇ ಸತ್ತರು.

ಅಮೆರಿಕ ಸರ್ಕಾರ ಉಳಿದ ದ್ವೀಪಗಳ ಅಲ್ಯೂಟರನ್ನು ಕಾಪಾಡುತ್ತೇವೆ ಅಂತ ದೂರ ಸಾಗಿಸಿ, ಹಳೇ ಮೀನು ಕಾರ್ಖಾನೆಗಳಲ್ಲಿ ಇಟ್ಟಿತು. ಅಲ್ಲೂ ಬಹಳ ಜನ ಸತ್ತರು. ಅದಕ್ಕೆ ಪರಿಹಾರದ ಕಾನೂನು ಬಂದದ್ದು 1988ರಲ್ಲಿ. ಯುದ್ಧದ ನಕ್ಷೆ ನೋಡುವಾಗ ಖಾಲಿ ಜಾಗ ಅಂತ ನಾವು ಬೇಗ ಅಂದುಬಿಡುತ್ತೇವೆ.

ಎರೆಹೊಲ_ಜೇವರ್ಗಿ
ಅಕ್ಕಾ, ಇದು ಗೊತ್ತೇ ಇರಲಿಲ್ಲ.

ಕಲಬುರಗಿ_ಮಾಸ್ತರ್
ಎಲ್ಲರಿಗೂ ಧನ್ಯವಾದ. ಬಿದ್ರಿ ಅವರೇ, ತಪ್ಪು ನನ್ನದೇ. ಹುಡುಗನನ್ನು ಅಲ್ಲೇ ತಿದ್ದಬೇಕಿತ್ತು.

ನಿನ್ನೆ ಕ್ಲಾಸ್ ಆಯಿತು. ಲಸ್ಸಿ ಅಂಗಡಿಯಿಂದ ಐಸ್ ತಂದೆ. ಫೌಜಿ ಅವರು ಹೇಳಿದ ಹಾಗೆ ಒಂದು ನಿಮಿಷ, ಗಡಿಯಾರ ನೋಡಿ. ಆ ಹಿಂದಿನ ಬೆಂಚಿನ ಹುಡುಗನೇ ಮೊದಲು ಬಂದ. ಕೈ ತೆಗೆದಾಗ ಬೆರಳೆಲ್ಲಾ ಕೆಂಪು. ಲೇಸಿನ ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಕೊನೆಗೆ ಹಲ್ಲಿನಿಂದ ಎಳೆಯಲು ನೋಡಿದ. ಎದ್ದು ನಿಂತು "ಸರ್, ಬಂದೂಕಿಗೆ ಗುಂಡು ಹೇಗೆ ತುಂಬಿದರು?" ಅಂತ ಕೇಳಿದ. ಕ್ಲಾಸೆಲ್ಲಾ ಸುಮ್ಮನಾಯಿತು. ಆಮೇಲೆ ಎರೆ ಮಣ್ಣು, ಲಾರಿ ತುಂಬೋದು, ವಾಗಿನಗೇರಾ ಎಲ್ಲಾ ಹೇಳಿದೆ. ಹಳ್ಳಿಯಿಂದ ಬರುವ ಮಕ್ಕಳು ಎರೆ ಹೊಲದ ಕಥೆಗಳನ್ನು ತಾವೇ ಶುರು ಮಾಡಿದರು.

ಅಟ್ಟುವಿನ ಊರಿನ ಬಗ್ಗೆ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು. "ಉಳಿದವರು ಯುದ್ಧ ಮುಗಿದ ಮೇಲೆ ಊರಿಗೆ ವಾಪಸ್ ಹೋದರಾ ಸರ್?" ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಅಂದಿದ್ದೇನೆ.

ಬಿದ್ರಿ_ಕುಸುರಿ
ಹೋಗಲಿಲ್ಲ ಸರ್. ಸರ್ಕಾರ ಅಟ್ಟುವಿಗೆ ಮರಳಲು ಬಿಡಲಿಲ್ಲ. ಬದುಕಿ ಬಂದವರಲ್ಲಿ ಬಹಳ ಜನ ಅಟ್ಕಾ ಅನ್ನುವ ಬೇರೆ ದ್ವೀಪದಲ್ಲಿ ನೆಲೆಸಿದರು. ಕರಾವಳಿ ಕಾವಲಿನವರ ಒಂದು ನಿಲ್ದಾಣ ಅಟ್ಟುವಿನಲ್ಲಿತ್ತು, ಅದೂ 2010ರಲ್ಲಿ ಮುಚ್ಚಿತು. ಈಗ ನಿಜವಾಗಿ ಅಲ್ಲಿ ಯಾರೂ ವಾಸವಿಲ್ಲ.

ಕಲಬುರಗಿ_ಮಾಸ್ತರ್
ಹೇಳುತ್ತೇನೆ. ನಮ್ಮ ಗೋಡೆ ನಕ್ಷೆಯಲ್ಲಿ ಅಟ್ಟು ಒಂದು ಚುಕ್ಕೆ ಅಷ್ಟೇ, ಊರಿನ ಹೆಸರಿಲ್ಲ. ಇವತ್ತು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಚಿಚಗಾಫ್ ಅಂತ ಬರೆದು ಬಂದೆ.

ಬೀದರ್_ಫೌಜಿ
ಮಾಸ್ತರೇ, ಶನಿವಾರ ಕಲಬುರಗಿಗೆ ಬರುವ ಕೆಲಸ ಇದೆ. ಹಳೇ ಬೂಟು, ಕಾಲುಚೀಲ ಎರಡೂ ಇನ್ನೂ ಇಟ್ಟಿದ್ದೇನೆ. ನಿಮ್ಮ ಹೆಡ್ ಮಾಸ್ತರ್ ಒಪ್ಪಿದರೆ ಬೆಳಗಿನ ಕ್ಲಾಸಿಗೇ ತರುತ್ತೇನೆ.